ಮದುವೆ ಡಿವಿಡಿಯನ್ನು ಎಂಪಿ4 ಮಾಡಿ, ಗೆರೆ ಬೀಳದ ಹಾಗೆ

ಗದಗಿನಲ್ಲಿರುವ ನಮ್ಮ ಅಕ್ಕ ತನ್ನ ಮದುವೆಯ ಡಿವಿಡಿಯನ್ನು ಒಂದು ಅಂಗಡಿಯಲ್ಲಿ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದಿದ್ದಳು. ಟಿವಿಗೆ ಚುಚ್ಚಿ ನೋಡಿದರೆ ಬೇಜಾರಾಯಿತು. ಅಕ್ಕಿಕಾಳು ಬೀಳುವ ಹೊತ್ತಿಗೆ ಎಲ್ಲರ ಕೈಗಳೂ ಬಾಚಣಿಗೆ ಹಲ್ಲಿನಂತೆ ಸೀಳಿದ್ದವು. ಮುಖಗಳು ಉದ್ದುದ್ದ. ಮದುವೆ ಮುಗಿಯುವ ಮೊದಲೇ ವಿಡಿಯೊ ಮುಗಿದುಹೋಯಿತು. "ಡಿಸ್ಕ್ ಹಳೇದಾಗೇತಂತ, ಇಷ್ಟ ಬರೋದಂತ" ಅಂದಳು ಅಕ್ಕ. ಡಿಸ್ಕ್ ತರಿಸಿ ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು.

ಈ ಮೂರೂ ತಪ್ಪುಗಳನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಮೂರಕ್ಕೂ ಪರಿಹಾರ ಒಂದೇ ಉಚಿತ ಸಾಫ್ಟ್‌ವೇರ್‌ನಲ್ಲಿದೆ. ಅದರ ಹೆಸರು ಹ್ಯಾಂಡ್‌ಬ್ರೇಕ್.

ಸಾಫ್ಟ್‌ವೇರ್ ಹಾಕಿಕೊಳ್ಳುವುದು

ಹ್ಯಾಂಡ್‌ಬ್ರೇಕ್ ಡಾಟ್ ಎಫ್ಆರ್ ಎಂಬ ಅದರದೇ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಗುರುತು ಸುಲಭ: ಅನಾನಸ್ ಹಣ್ಣು, ಪಕ್ಕದಲ್ಲೊಂದು ಗ್ಲಾಸು. ವಿಂಡೋಸ್‌ನಲ್ಲಿ ಅದು ಡಾಟ್ ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಎಂಬ ಸಹಾಯಕ ಸಾಫ್ಟ್‌ವೇರ್ ಕೇಳಬಹುದು. ಗಾಬರಿ ಬೇಡ, ಅದು ಮೈಕ್ರೋಸಾಫ್ಟ್‌ನದು, ಹಾಕಿಕೊಳ್ಳಿ.

"ಫ್ರೀ ವಿಡಿಯೊ ಕನ್ವರ್ಟರ್" ಎಂದು ಹುಡುಕಿ ಮೊದಲು ಕಂಡ ಜಾಹೀರಾತನ್ನು ಒತ್ತಬೇಡಿ. ಅಂಥ ಕೆಲವು ಸಾಫ್ಟ್‌ವೇರ್‌ಗಳು ವಿಡಿಯೊದ ನಡುವೆ ತಮ್ಮ ಹೆಸರು ಮೂಡಿಸುತ್ತವೆ. ಇನ್ನು ಕೆಲವು ಒಂದಷ್ಟು ಭಾಗ ಮಾತ್ರ ಮಾಡಿಕೊಟ್ಟು ಉಳಿದದ್ದಕ್ಕೆ ದುಡ್ಡು ಕೇಳುತ್ತವೆ. ಫೈಲ್ ಅಪ್‌ಲೋಡ್ ಮಾಡಿಸಿಕೊಳ್ಳುವ ವೆಬ್‌ಸೈಟ್‌ಗಳೂ ಬೇಡ. 4 ಜಿಬಿ ಮದುವೆಯನ್ನು ಯಾರದೋ ಕಂಪ್ಯೂಟರ್‌ಗೆ ಯಾಕೆ ಕಳಿಸಬೇಕು, ಅಲ್ವಾ?

ಡಿಸ್ಕ್‌ನಿಂದ ಪೂರ್ತಿ ಫೋಲ್ಡರ್ ತೆಗೆಯಿರಿ

ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಒಳಗೆ ವಿಡಿಯೊ_ಟಿಎಸ್ ಎಂಬ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಕಂಪ್ಯೂಟರ್‌ಗೆ ಕಾಪಿ ಮಾಡಿ.

ಅಕ್ಕನ ವಿಡಿಯೊ ಅರ್ಧಕ್ಕೆ ನಿಂತದ್ದು ಇಲ್ಲಿಯ ತಪ್ಪಿನಿಂದಲೇ. ಡಿವಿಡಿಯಲ್ಲಿ ಒಂದೇ ಮದುವೆ 1 ಜಿಬಿಗೆ ಒಂದರಂತೆ ಹಲವು ವಿಒಬಿ ಫೈಲ್‌ಗಳಾಗಿ ತುಂಡಾಗಿರುತ್ತದೆ. ಅಂಗಡಿಯವರು ಒಂದೆರಡು ತುಂಡು ಮಾತ್ರ ತೆಗೆದುಕೊಂಡಿದ್ದರು. ಹ್ಯಾಂಡ್‌ಬ್ರೇಕ್‌ನಲ್ಲಿ ಫೈಲ್ ಅಲ್ಲ, ಫೋಲ್ಡರ್ ತೆರೆಯಿರಿ. ಆಮೇಲೆ ಟೈಟಲ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿ. ತುಂಡುಗಳನ್ನು ಅದೇ ಜೋಡಿಸಿಕೊಳ್ಳುತ್ತದೆ.

ಫೈಲ್ ಹೆಸರಿನ ಕೊನೆಯಲ್ಲಿ ಎಂಪಿ4 ಎಂದು ಬರೆದರೆ ಫಾರ್ಮ್ಯಾಟ್ ಬದಲಾಯಿತು ಎಂದು ತಿಳಿದವರಿದ್ದಾರೆ. ಅದು ಬರೀ ಹೆಸರು. ಒಳಗಿನದು ಹಾಗೇ ಇರುತ್ತದೆ.

ಗೆರೆಗಳನ್ನು ತೆಗೆಯುವುದು

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಕಡೆಯ ಮದುವೆ ಡಿವಿಡಿಗಳು ಸಾಮಾನ್ಯವಾಗಿ ಪಾಲ್ ಎಂಬ ಟಿವಿ ಪದ್ಧತಿಯವು. 720 ಅಗಲ, 576 ಎತ್ತರ, ಸೆಕೆಂಡಿಗೆ 25 ಚಿತ್ರ. ಆದರೆ ಹಳೆಯ ಕ್ಯಾಮೆರಾ ಒಂದೊಂದು ಚಿತ್ರವನ್ನೂ ಎರಡು ಸಲಕ್ಕೆ ಹಿಡಿಯುತ್ತಿತ್ತು. ಮೊದಲು 1, 3, 5ನೇ ಗೆರೆಗಳು. ಸೆಕೆಂಡಿನ 50ನೇ ಒಂದು ಭಾಗ ಕಳೆದು 2, 4, 6ನೇ ಗೆರೆಗಳು. ಡಬ್ಬಿ ಟಿವಿ ಕೂಡ ಹಾಗೇ ತೋರಿಸುತ್ತಿತ್ತು, ಹಾಗಾಗಿ ಆಗ ಗೊತ್ತಾಗುತ್ತಿರಲಿಲ್ಲ. ಮೊಬೈಲ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆ ಚೂರು ಹೊತ್ತಿನಲ್ಲಿ ಕೈ ಮುಂದೆ ಹೋಗಿರುತ್ತದೆ. ಹಾಗಾಗಿ ಹಲ್ಲು ಹಲ್ಲಾಗಿ ಕಾಣುತ್ತದೆ. ಸುಮ್ನೆ ಕೂತವರ ಮುಖ ಚೆನ್ನಾಗಿದ್ದು, ಕರಡಿ ಮಜಲಿನ ವಾದ್ಯದವರ ಕೈ ಮಾತ್ರ ಸೀಳಿದ್ದರೆ ಕಾರಣ ಇದೇ.

ಹ್ಯಾಂಡ್‌ಬ್ರೇಕ್‌ನಲ್ಲಿ ಫಿಲ್ಟರ್ಸ್ ಎಂಬ ಭಾಗಕ್ಕೆ ಹೋಗಿ. ಡೀಇಂಟರ್‌ಲೇಸ್ ಎಂಬಲ್ಲಿ ಯಾಡಿಫ್ ಆರಿಸಿ. ಅದರ ಪ್ರೀಸೆಟ್ ಡಿಫಾಲ್ಟ್ ಇದ್ದರೆ ಗೆರೆ ಹೋಗುತ್ತದೆ, ಸೆಕೆಂಡಿಗೆ 25 ಚಿತ್ರ ಉಳಿಯುತ್ತದೆ. ನಾನು ಮಾತ್ರ ಬಾಬ್ ಎಂಬುದನ್ನೇ ಹಾಕುತ್ತೇನೆ, ನೀವೂ ಅದನ್ನೇ ಹಾಕಿ. ಅದು ಎರಡು ಸಲ ಹಿಡಿದದ್ದನ್ನು ಎರಡು ಬೇರೆ ಚಿತ್ರ ಮಾಡುತ್ತದೆ. ಮೆರವಣಿಗೆಯ ಕುಣಿತ ಹಳೆಯ ಟಿವಿಯಲ್ಲಿ ಕಂಡಷ್ಟೇ ನಯವಾಗಿ ಬರುತ್ತದೆ. ಬಾಬ್ ಹಾಕಿದರೆ ವಿಡಿಯೊ ಭಾಗದಲ್ಲಿ ಫ್ರೇಮ್‌ರೇಟ್ 50 ಮಾಡುವುದನ್ನು ಮರೆಯಬೇಡಿ. ಮರೆತರೆ ಹೆಚ್ಚುವರಿ ಚಿತ್ರಗಳನ್ನು ಅದು ಬಿಟ್ಟುಬಿಡಬಹುದು, ಮಾಡಿದ ಕೆಲಸ ದಂಡ.

ಗುಣಮಟ್ಟದ ಪಟ್ಟಿ

ವಿಡಿಯೊವನ್ನು ಅಮುಕಿ ಚಿಕ್ಕದು ಮಾಡುವ ಎನ್‌ಕೋಡರ್ ಎಚ್.264 ಇರಲಿ. ಎಚ್.265 ಫೈಲ್ ಚಿಕ್ಕದಾಗುತ್ತದೆ, ನಿಜ. ಆದರೆ ಊರಲ್ಲಿರುವ ಅಜ್ಜಿಯ ಹಳೆಯ ಟಿವಿ ಅದನ್ನು ತೆರೆಯದಿದ್ದರೆ ಏನು ಉಪಯೋಗ?

ಗುಣಮಟ್ಟದ ಪಟ್ಟಿಯಲ್ಲಿ ಕಾಣುವ ಆರ್ಎಫ್ ಎಂಬ ಅಂಕಿಯನ್ನು ಜನ ಉಲ್ಟಾ ತಿಳಿಯುತ್ತಾರೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿಗೆ 18ರಿಂದ 22ರ ನಡುವೆ ಸಾಕು. ನಾನು 19 ಇಡುತ್ತೇನೆ. ಜಾಸ್ತಿ ಸ್ಪಷ್ಟವಾಗಲಿ ಎಂದು 10ಕ್ಕೆ ಇಳಿಸಿದರೆ ಫೈಲ್ ಊದಿಕೊಳ್ಳುತ್ತದೆಯೇ ಹೊರತು ಡಿಸ್ಕ್‌ನಲ್ಲಿ ಇಲ್ಲದ್ದು ಹೊಸದಾಗಿ ಹುಟ್ಟುವುದಿಲ್ಲ. ಅಳತೆಯನ್ನು 1080ಕ್ಕೆ ಹಿಗ್ಗಿಸಿದರೂ ಅಷ್ಟೇ.

ಮುಖ ಉದ್ದವಾಗದಂತೆ

ಅಗಲ ಪರದೆಯ ಡಿವಿಡಿಯಲ್ಲೂ ಚಿತ್ರವನ್ನು ಅದೇ 720ರೊಳಗೆ ಅಮುಕಿ ಇಟ್ಟಿರುತ್ತಾರೆ. ತೋರಿಸುವಾಗ ಹಿಗ್ಗಿಸು ಎಂಬ ಸೂಚನೆ ಜೊತೆಗಿರುತ್ತದೆ. ಕೆಲವು ಟಿವಿಗಳು ಆ ಸೂಚನೆ ಓದುವುದೇ ಇಲ್ಲ. ಡೈಮೆನ್ಷನ್ಸ್ ಭಾಗದಲ್ಲಿ ಅನಾಮಾರ್ಫಿಕ್ ಎಂಬುದನ್ನು "ನನ್", ಅಂದರೆ ಯಾವುದೂ ಬೇಡ ಎಂಬುದಕ್ಕೆ ಇಡಿ. ಸರಿಹೋಗುತ್ತದೆ.

ಫಾರ್ಮ್ಯಾಟ್ ಎಂಪಿ4, ಆಡಿಯೊ ಎಎಸಿ. ಇವಿಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲು ಒಂದು ನಿಮಿಷ

ಪೂರ್ತಿ ಮದುವೆಯನ್ನು ಒಮ್ಮೆಗೇ ಹಚ್ಚಬೇಡಿ. ರೇಂಜ್ ಎಂಬಲ್ಲಿ ಸೆಕೆಂಡ್ಸ್ ಆರಿಸಿ, ಜನ ಓಡಾಡುವ ಜಾಗದ 60 ಸೆಕೆಂಡ್ ಕೊಟ್ಟು ಸ್ಟಾರ್ಟ್ ಒತ್ತಿ. ಬಂದದ್ದನ್ನು ಮನೆಯ ಟಿವಿಯಲ್ಲೇ ನೋಡಿ. ಗೆರೆ, ಮುಖ, ದನಿ ಮೂರೂ ಸರಿಯಿದ್ದರೆ ರೇಂಜನ್ನು ಮತ್ತೆ ಚಾಪ್ಟರ್ಸ್‌ಗೆ ತಂದು, ಮೊದಲ ಚಾಪ್ಟರ್‌ನಿಂದ ಕೊನೆಯದರವರೆಗೆ ಇಡಿ. ಎರಡು ಮೂರು ಡಿಸ್ಕ್ ಇದ್ದರೆ ಎಲ್ಲವನ್ನೂ ಕ್ಯೂಗೆ ಸೇರಿಸಿ ರಾತ್ರಿ ಹಚ್ಚಿ ಮಲಗಿ. ಲ್ಯಾಪ್‌ಟಾಪ್ ಚಾರ್ಜಿಂಗ್‌ನಲ್ಲಿರಲಿ, ತಾನಾಗಿ ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ.

ನಿಮ್ಮದು ಡಿವಿಡಿಯಲ್ಲ, ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಫೈಲ್ ಎಂದಾದರೆ ಒಂದು ಹತ್ತಿರದ ದಾರಿ ಇದೆ. ಅದರೊಳಗಿನ ವಿಡಿಯೊ ಆಗಲೇ ಎಚ್.264 ಆಗಿರುತ್ತದೆ. ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಹಾಗೆಯೇ ಎತ್ತಿ ಎಂಪಿ4 ಡಬ್ಬಿಗೆ ಹಾಕುತ್ತದೆ. ಹೆಚ್ಚು ಕಾಯಬೇಕಿಲ್ಲ, ಚಿತ್ರದ ಗುಣಮಟ್ಟವೂ ಕೆಡುವುದಿಲ್ಲ. ಆದರೆ ಗೆರೆಗಳಿದ್ದರೆ ಅವು ಹಾಗೇ ಉಳಿಯುತ್ತವೆ, ಅದಕ್ಕೆ ಮತ್ತೆ ಹ್ಯಾಂಡ್‌ಬ್ರೇಕೇ ಬೇಕು.

ಎಲ್ಲ ಮುಗಿದ ಮೇಲೂ ವಿಡಿಯೊ_ಟಿಎಸ್ ಫೋಲ್ಡರ್ ಅಳಿಸಬೇಡಿ. ಅದನ್ನು ಬೇರೊಂದು ಹಾರ್ಡ್‌ಡಿಸ್ಕ್‌ಗೂ ಹಾಕಿಡಿ. ಅಕ್ಕನ ಮದುವೆಯನ್ನು ಎರಡನೇ ಸಲ ಸರಿಯಾಗಿ ಮಾಡಲು ಆದದ್ದು ಆ ಡಿಸ್ಕನ್ನು ಅವಳು ಹಾಗೇ ಎತ್ತಿಟ್ಟಿದ್ದರಿಂದ.