ಎಲ್‌ಪಾರ್‌ಗೆ ಡಿಸ್ಕ್ ಕೊಡುವುದು ಹೇಗೆ: ಅಸಲಿ ಕಾರ್ಡೋ, ವರ್ಚುವಲ್ ಕಾರ್ಡೋ?

ಸರ್ವರ್‌ಗೆ ಡಿಸ್ಕ್ ಜೋಡಿಸುವ ಕಾರ್ಡು ಕೆಟ್ಟರೆ ಬದಲಿ ಕಾರ್ಡು ಬೆಂಗಳೂರಿನಿಂದ ಬರಬೇಕು. ಹಾಸನಕ್ಕೆ ಸುಮಾರು 180 ಕಿ.ಮೀ. ಫೋನು ಮಾಡಿ, ದೂರು ದಾಖಲಿಸಿ, ಎಂಜಿನಿಯರ್ ಸರ್ವರ್ ಕೋಣೆಗೆ ಕಾಲಿಡುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಚಿಕ್ಕಮಗಳೂರಾದರೆ ಇನ್ನೂ ತಡ. ಹಾಗಾಗಿ ಐಬಿಎಂ ಪವರ್ ಸರ್ವರ್‌ನ ಎಲ್‌ಪಾರ್‌ಗಳಿಗೆ (ಒಂದೇ ಸರ್ವರನ್ನು ಹಂಚಿ ಮಾಡಿದ, ಸ್ವತಂತ್ರವಾಗಿ ಓಡುವ ಭಾಗಗಳು) ಸ್ಟೋರೇಜ್ ಕೊಡುವಾಗ ಯಾವುದು ವೇಗ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಒಂದು ಕಾರ್ಡು ಸತ್ತರೆ ಯಾರ ಕೆಲಸ ನಿಲ್ಲುತ್ತದೆ ಎಂದು ಮೊದಲು ಲೆಕ್ಕ ಹಾಕಿ.

ದಾರಿಗಳು ಮೂರು. ಪಿಸಿಐಇ ಸ್ಲಾಟನ್ನೇ ಎಲ್‌ಪಾರ್‌ಗೆ ಬಿಟ್ಟುಕೊಡುವುದು ಒಂದು. ಕಾರ್ಡು ಪೂರ್ತಿ ಅದರದೇ. ಎರಡನೆಯದು ವಿ-ಸ್ಕಸಿ: ಕಾರ್ಡು ವಯೋಸ್ (ಕಾರ್ಡುಗಳನ್ನು ಉಳಿದ ಎಲ್‌ಪಾರ್‌ಗಳಿಗೆ ಹಂಚುವ ವಿಶೇಷ ಎಲ್‌ಪಾರ್) ಕೈಯಲ್ಲಿರುತ್ತದೆ, ಲನ್ (ಸ್ಟೋರೇಜ್ ಪೆಟ್ಟಿಗೆ ಕೊಡುವ ಡಿಸ್ಕ್) ವಯೋಸ್‌ಗೆ ಕಾಣುತ್ತದೆ, ಅದು ಎಲ್‌ಪಾರ್‌ಗೆ ದಾಟಿಸುತ್ತದೆ. ಮೂರನೆಯದು ಎನ್‌ಪಿಐವಿ: ಕಾರ್ಡು ವಯೋಸ್‌ನದೇ, ಆದರೆ ಎಲ್‌ಪಾರ್‌ಗೆ ತನ್ನದೇ ಡಬ್ಲ್ಯುಡಬ್ಲ್ಯುಪಿಎನ್ (ಸ್ಟೋರೇಜ್ ಜಾಲದಲ್ಲಿ ಗುರುತಿಸುವ ವಿಳಾಸ ಸಂಖ್ಯೆ) ಇರುವುದರಿಂದ ಲನ್ ನೇರ ಅದಕ್ಕೇ ಕಾಣುತ್ತದೆ, ವಯೋಸ್ ಬರೀ ದಾರಿ.

ಒಂದು ಸರ್ವರ್‌ನಲ್ಲಿ ಆರು ಎಲ್‌ಪಾರ್ ಇದ್ದು, ಆರಕ್ಕೂ ಅಸಲಿ ಕಾರ್ಡು ಕೊಡುತ್ತೇವೆ ಅಂದರೆ, ಒಂದು ಕೆಟ್ಟರೆ ಇನ್ನೊಂದು ಇರಲೆಂದು ತಲಾ ಎರಡರಂತೆ 12 ಎಫ್‌ಸಿ (ಫೈಬರ್ ಚಾನೆಲ್, ಸ್ಟೋರೇಜ್‌ಗೆ ಸೇರಿಸುವ) ಕಾರ್ಡು ಬೇಕು. ಪವರ್9ರ ಎಸ್914ರಲ್ಲಿ ಇರುವುದೇ 8 ಸ್ಲಾಟು, ಅದರಲ್ಲೂ ನೆಟ್‌ವರ್ಕ್ ಕಾರ್ಡಿಗೆ ಜಾಗ ಬಿಡಬೇಕು. ಕೊನೆಗೆ ತಲಾ ಒಂದೇ ಕಾರ್ಡು ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಕೆಟ್ಟ ದಿನ ಆ ಎಲ್‌ಪಾರ್ ಬೆಂಗಳೂರಿನ ದಾರಿ ಕಾಯುತ್ತದೆ. ಎರಡು ವಯೋಸ್, ಒಂದೊಂದಕ್ಕೂ ಎರಡು ಪೋರ್ಟಿನ ಒಂದು ಎಫ್‌ಸಿ ಕಾರ್ಡು ಎಂದರೆ ಎರಡೇ ಸ್ಲಾಟಿನಲ್ಲಿ ಆರೂ ಎಲ್‌ಪಾರ್‌ಗೆ ಎರಡೆರಡು ದಾರಿ ಸಿಗುತ್ತದೆ. ಒಂದೇ ವಯೋಸ್ ಇಟ್ಟು ವರ್ಚುವಲ್ ಮಾಡುವುದಾದರೆ ಮಾಡದಿರುವುದೇ ಲೇಸು. ಅದನ್ನು ಅಪ್‌ಡೇಟ್ ಮಾಡಲು ರೀಬೂಟ್ ಮಾಡಿದ ದಿನ ಆರೂ ಒಟ್ಟಿಗೆ ಮಲಗುತ್ತವೆ.

ಅಸಲಿ ಕಾರ್ಡನ್ನು ಯಾರಿಗೆ ಕೊಡಬೇಕು? ಮೊದಲು ವಯೋಸ್‌ಗಳಿಗೇ. ಅವು ಒಳಗಿನ ಡಿಸ್ಕಿನಿಂದ ಬೂಟ್ ಆಗಲಿ, ಎರಡಕ್ಕೂ ಬೇರೆ ಬೇರೆ ಸ್ಯಾಸ್ ಕಂಟ್ರೋಲರ್ (ಒಳಗಿನ ಡಿಸ್ಕ್ ನಡೆಸುವ ಕಾರ್ಡು) ಇರಲಿ. ಆಮೇಲೆ, ರಾತ್ರಿಯಿಡೀ ಲೈನು ತುಂಬಿಸುವ ಬ್ಯಾಕಪ್ ಎಲ್‌ಪಾರ್‌ಗೆ. ಕೊಟ್ಟರೆ ಪ್ರೊಫೈಲ್‌ನಲ್ಲಿ (ಎಲ್‌ಪಾರ್ ಏಳುವಾಗ ಏನೇನು ಬೇಕೆಂಬ ಪಟ್ಟಿ) ಸ್ಲಾಟನ್ನು ‘ರಿಕ್ವೈರ್ಡ್’ ಎಂದು ಹಾಕದೆ ‘ಡಿಸೈರ್ಡ್’ ಎಂದು ಹಾಕಿ. ರಿಕ್ವೈರ್ಡ್ ಆದರೆ ಆ ಸ್ಲಾಟು ಸಿಗದ ದಿನ ಎಲ್‌ಪಾರ್ ಏಳುವುದೇ ಇಲ್ಲ; ಓಡುತ್ತಿರುವಾಗ ಡಿಎಲ್‌ಪಾರ್‌ನಲ್ಲಿ (ಎಲ್‌ಪಾರ್ ನಿಲ್ಲಿಸದೆಯೇ ಸೇರಿಸುವ, ತೆಗೆಯುವ ವಿಧಾನ) ಬಿಡಿಸಿಕೊಳ್ಳಲೂ ಆಗದು. ಇನ್ನೊಂದು ಮಾತು: ಅಸಲಿ ಕಾರ್ಡು ಇರುವ ಎಲ್‌ಪಾರನ್ನು ಓಡುತ್ತಿರುವಂತೆಯೇ ಬೇರೆ ಸರ್ವರ್‌ಗೆ ಸಾಗಿಸಲು ಬಿಡುವುದಿಲ್ಲ.

ವಿ-ಸ್ಕಸಿ ಮಾಡುವ ಕ್ರಮ

ಎಚ್‌ಎಂಸಿಯಲ್ಲಿ (ಈ ಸರ್ವರ್‌ಗಳನ್ನು ನಿರ್ವಹಿಸುವ ಕನ್ಸೋಲ್) ವಯೋಸ್‌ನ ವರ್ಚುವಲ್ ಅಡಾಪ್ಟರ್ ಮಿತಿಯನ್ನು ಶುರುವಿನಲ್ಲೇ 200ಕ್ಕೆ ಏರಿಸಿ. ಆಮೇಲೆ ಏರಿಸಬೇಕಾದರೆ ವಯೋಸನ್ನು ಪೂರ್ತಿ ನಿಲ್ಲಿಸಿ ಪ್ರೊಫೈಲ್‌ನಿಂದ ಮತ್ತೆ ಎಬ್ಬಿಸಬೇಕಾಗುತ್ತದೆ. ಸ್ಲಾಟ್ ಸಂಖ್ಯೆಗೆ ಒಂದು ಲೆಕ್ಕ ಇರಲಿ: 5ನೇ ಎಲ್‌ಪಾರ್‌ಗೆ ಮೊದಲ ವಯೋಸ್‌ನಲ್ಲಿ 51, ಎರಡನೆಯದರಲ್ಲಿ 52, ಎಲ್‌ಪಾರ್ ಕಡೆಯೂ ಅವೇ. ಯಾವ ಕ್ಲೈಂಟ್ ಬೇಕಾದರೂ ಸೇರಬಹುದು ಎಂಬ ಆಯ್ಕೆ ಮುಟ್ಟಬೇಡಿ.

ಒಂದೇ ಲನ್ ಎರಡೂ ವಯೋಸ್‌ಗೆ ಕಾಣುತ್ತದೆ, ಆದರೆ ಎಚ್‌ಡಿಸ್ಕ್ ಸಂಖ್ಯೆ (ವಯೋಸ್ ಡಿಸ್ಕಿಗೆ ಕೊಡುವ ಹೆಸರು) ಒಂದೇ ಇರಬೇಕೆಂದಿಲ್ಲ. ಅಲ್ಲಿ 5 ಆದದ್ದು ಇಲ್ಲಿ 7 ಆಗಿರಬಹುದು. ಸಂಖ್ಯೆ ನಂಬಿ ಮ್ಯಾಪ್ ಮಾಡಿದರೆ ಬೇರೆಯವರ ಡೇಟಾ ಮೇಲೆ ಬರೆಯುತ್ತೀರಿ. ಯುನೀಕ್ ಐಡಿ ತಾಳೆ ನೋಡಿಯೇ ಮುಂದೆ ಹೋಗಿ. ಮ್ಯಾಪ್ ಮಾಡುವ ಮುಂಚೆ ಎರಡೂ ಕಡೆ ಡಿಸ್ಕಿನ ರಿಸರ್ವ್ ಪಾಲಿಸಿಯನ್ನು ‘ನೋ ರಿಸರ್ವ್’ ಮಾಡಿ. ಇದನ್ನು ಮರೆತರೆ ಮೊದಲ ವಯೋಸ್ ಡಿಸ್ಕನ್ನು ಹಿಡಿದು ಕೂರುತ್ತದೆ, ಎರಡನೆಯ ದಾರಿ ಹುಟ್ಟುವುದೇ ಇಲ್ಲ. ಆಮೇಲೆ ‘ಎಂಕೆವಿಡೆವ್’ ಕಮಾಂಡಿನಿಂದ ಡಿಸ್ಕನ್ನು ವಿಹೋಸ್ಟ್‌ಗೆ (ವಯೋಸ್ ಕಡೆಯ ವರ್ಚುವಲ್ ಅಡಾಪ್ಟರ್) ಕಟ್ಟಿ, ‘ಎಲ್‌ಎಸ್‌ಮ್ಯಾಪ್’ ಹಾಕಿ ನೋಡಿ. ಎಲ್‌ಪಾರ್‌ನ ಎಐಎಕ್ಸ್‌ನಲ್ಲಿ (ಐಬಿಎಂನ ಆಪರೇಟಿಂಗ್ ಸಿಸ್ಟಂ) ‘ಸಿಎಫ್‌ಜಿಎಂಜಿಆರ್’ ಓಡಿಸಿ, ‘ಎಲ್‌ಎಸ್‌ಪಾತ್’ನಲ್ಲಿ ಎರಡು ದಾರಿ ಬಂತೇ ಎಂದು ಖಚಿತ ಮಾಡಿಕೊಳ್ಳಿ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಎದ್ದು ಹೋಗುವವರೇ ಹೆಚ್ಚು. ನಿಜವಾದ ತಾಪತ್ರಯ ಮುಂದಿದೆ. ಎಲ್‌ಪಾರ್ ಕಡೆ ಡಿಸ್ಕಿನ ‘ಎಚ್‌ಚೆಕ್ ಇಂಟರ್ವಲ್’ ಎಷ್ಟೋ ಕಡೆ 0 ಇರುತ್ತದೆ. ಅಂದರೆ ಸತ್ತ ದಾರಿ ಮತ್ತೆ ಬದುಕಿತೇ ಎಂದು ಯಾರೂ ನೋಡುವುದಿಲ್ಲ. ಮೊದಲ ವಯೋಸ್ ರೀಬೂಟ್ ಮಾಡುತ್ತೀರಿ. ದಾರಿ ‘ಫೇಲ್ಡ್’ ಆಗುತ್ತದೆ. ವಯೋಸ್ ಎದ್ದರೂ ಅದು ಫೇಲ್ಡ್ ಆಗಿಯೇ ಉಳಿಯುತ್ತದೆ. ವಾರ ಬಿಟ್ಟು ಎರಡನೆಯ ವಯೋಸ್ ರೀಬೂಟ್ ಮಾಡಿದ ಗಳಿಗೆ ಡಿಸ್ಕೇ ಇಲ್ಲ, ಎಲ್‌ಪಾರ್ ಅಲ್ಲೇ ಸ್ತಬ್ಧ. ಈ ಇಂಟರ್ವಲನ್ನು 60 ಸೆಕೆಂಡಿಗೆ ಇಡಿ. ರೂಟ್‌ವಿಜಿ (ಎಐಎಕ್ಸ್ ಇರುವ) ಡಿಸ್ಕಿಗಾದರೆ ‘ಸಿಎಚ್‌ಡೆವ್’ ಕಮಾಂಡಿಗೆ ದೊಡ್ಡ ಪಿ (-P) ಸೇರಿಸಿ ರೀಬೂಟ್ ಮಾಡಬೇಕು. ಜೊತೆಗೆ ಎರಡೂ ವಿ-ಸ್ಕಸಿ ಅಡಾಪ್ಟರ್‌ಗಳಲ್ಲಿ ಎರರ್ ರಿಕವರಿಯನ್ನು ‘ಫಾಸ್ಟ್ ಫೇಲ್’ ಮಾಡಿ, ಪಾತ್ ಟೈಮ್‌ಔಟ್ 30 ಇಡಿ. ಆಮೇಲೂ ಎರಡನೆಯ ವಯೋಸ್ ಮುಟ್ಟುವ ಮುನ್ನ ಪ್ರತಿ ಎಲ್‌ಪಾರ್‌ನಲ್ಲೂ ಎಲ್ಲ ದಾರಿ ‘ಎನೇಬಲ್ಡ್’ ಎಂದು ತೋರಿಸುವವರೆಗೆ ಕಾಯಿರಿ.

‘ವರ್ಚುವಲ್ ಮಾಡಿದ ಮೇಲೆ ನಿಧಾನವಾಯಿತು’ ಎಂಬ ದೂರಿಗೆ ಕಾರಣ ಎಷ್ಟೋ ಸಲ ಕ್ಯೂ ಡೆಪ್ತ್ (ಡಿಸ್ಕಿಗೆ ಒಮ್ಮೆಗೆ ಕಳಿಸಬಹುದಾದ ಕಮಾಂಡುಗಳ ಸಂಖ್ಯೆ). ವಯೋಸ್‌ನಲ್ಲಿ ಡಿಸ್ಕಿಗೆ 20 ಇದ್ದು, ಎಲ್‌ಪಾರ್‌ನಲ್ಲಿ ಹಳೆಯ 3 ಹಾಗೇ ಉಳಿದಿದ್ದರೆ ಹೆದ್ದಾರಿಗೆ ಓಣಿ ಸೇರಿಸಿದಂತೆ. ಎರಡೂ ಕಡೆ ಒಂದೇ ಸಂಖ್ಯೆ ಇಡಿ. ಹಾಗೆಂದು ಸುಮ್ಮನೆ ಏರಿಸುತ್ತಾ ಹೋಗುವಂತಿಲ್ಲ. ಒಂದು ವಿ-ಸ್ಕಸಿ ಅಡಾಪ್ಟರ್‌ಗೆ 512 ಕಮಾಂಡಿನ ಜಾಗ. ಅದರಲ್ಲಿ 2 ಅಡಾಪ್ಟರ್‌ಗೇ ಹೋಗುತ್ತವೆ, ಪ್ರತಿ ಡಿಸ್ಕಿಗೂ ಕ್ಯೂ ಡೆಪ್ತ್ ಮತ್ತು ಮೇಲೆ 3 ಬೇಕು. ಡೆಪ್ತ್ 20 ಆದರೆ 510ನ್ನು 23ರಿಂದ ಭಾಗಿಸಿ, 22 ಡಿಸ್ಕು. 32 ಆದರೆ 14 ಮಾತ್ರ. ಅದಕ್ಕಿಂತ ಹೆಚ್ಚು ಡಿಸ್ಕಿದ್ದರೆ ಇನ್ನೊಂದು ಜೊತೆ ಅಡಾಪ್ಟರ್ ಸೇರಿಸಿ.

ಎನ್‌ಪಿಐವಿ ಯಾವಾಗ

ಡಿಸ್ಕ್ ಬಹಳ ಇರುವ ಡೇಟಾಬೇಸ್‌ಗೆ, ಟೇಪ್ ಲೈಬ್ರರಿಗೆ ಇದೇ ಸರಿ. ವಯೋಸ್‌ನಲ್ಲಿ ಒಂದೊಂದೇ ಡಿಸ್ಕ್ ಮ್ಯಾಪ್ ಮಾಡುವ ರಗಳೆ ಇಲ್ಲ. 8 ಗಿಗಾಬಿಟ್ ಅಥವಾ ಮೇಲಿನ ಕಾರ್ಡು ಬೇಕು, ಸ್ಯಾನ್ (ಸ್ಟೋರೇಜ್ ಜಾಲ) ಸ್ವಿಚ್ಚಿನ ಪೋರ್ಟಿನಲ್ಲೂ ಎನ್‌ಪಿಐವಿ ಆನ್ ಆಗಿರಬೇಕು. ವಯೋಸ್‌ನಲ್ಲಿ ‘ಎಲ್‌ಎಸ್‌ಎನ್‌ಪೋರ್ಟ್ಸ್’ ಹಾಕಿದಾಗ ಫ್ಯಾಬ್ರಿಕ್ ಕಾಲಂನಲ್ಲಿ 1 ಇದ್ದರೆ ಸರಿ. 0 ಇದ್ದರೆ ಸ್ವಿಚ್ ನೋಡಿ. ‘ವಿಎಫ್‌ಸಿಮ್ಯಾಪ್’ನಿಂದ ವಿಎಫ್‌ಸಿಹೋಸ್ಟನ್ನು (ವಯೋಸ್ ಕಡೆಯ ವರ್ಚುವಲ್ ಎಫ್‌ಸಿ ಅಡಾಪ್ಟರ್) ಅಸಲಿ ಪೋರ್ಟಿಗೆ ಕಟ್ಟಿ.

ಪ್ರತಿ ವರ್ಚುವಲ್ ಎಫ್‌ಸಿ ಅಡಾಪ್ಟರ್‌ಗೂ ಜೋಡಿ ಡಬ್ಲ್ಯುಡಬ್ಲ್ಯುಪಿಎನ್ ಬರುತ್ತದೆ. ಝೋನಿಂಗ್‌ನಲ್ಲೂ (ಯಾರಿಗೆ ಯಾರು ಕಾಣಬೇಕೆಂದು ಸ್ವಿಚ್ಚಿನಲ್ಲಿ ಹಾಕುವ ಪಟ್ಟಿ) ಸ್ಟೋರೇಜ್‌ನಲ್ಲೂ ಎರಡನ್ನೂ ಸೇರಿಸಿ. ಎರಡನೆಯದು ಎಲ್‌ಪಾರನ್ನು ಬೇರೆ ಸರ್ವರ್‌ಗೆ ಸಾಗಿಸುವಾಗ ಬೇಕಾಗುತ್ತದೆ; ಈಗ ಬಿಟ್ಟರೆ ಅವತ್ತು ಅಡ್ಡಗಾಲು. ಎಲ್‌ಪಾರ್ ಏಳದೆ ಸ್ವಿಚ್ಚಿಗೆ ಆ ಸಂಖ್ಯೆ ಕಾಣದಿದ್ದರೆ ಎಚ್‌ಎಂಸಿಯ ‘ಸಿಎಚ್‌ಎನ್‌ಪೋರ್ಟ್‌ಲಾಗಿನ್’ನಿಂದ ಲಾಗಿನ್ ಮಾಡಿಸಬಹುದು.

ಓಡುತ್ತಿರುವ ಎಲ್‌ಪಾರ್‌ಗೆ ಡಿಎಲ್‌ಪಾರ್‌ನಲ್ಲಿ ಅಡಾಪ್ಟರ್ ಸೇರಿಸಿ, ಆಮೇಲೆ ಪ್ರೊಫೈಲ್‌ನಲ್ಲೂ ಕೈಯಾರೆ ಅದನ್ನೇ ಹುಟ್ಟಿಸಲು ಹೋಗಬೇಡಿ. ಪ್ರೊಫೈಲ್‌ನಲ್ಲಿ ಹುಟ್ಟುವುದಕ್ಕೆ ಬೇರೆಯೇ ಸಂಖ್ಯೆ ಸಿಗುತ್ತದೆ. ಮುಂದಿನ ಸಲ ಎಲ್‌ಪಾರ್ ಆರಿಸಿ ಎಬ್ಬಿಸಿದಾಗ ಒಂದೂ ಲನ್ ಕಾಣುವುದಿಲ್ಲ. ಓಡುತ್ತಿರುವ ಸಂರಚನೆಯನ್ನೇ ಪ್ರೊಫೈಲ್‌ಗೆ ಸೇವ್ ಮಾಡಿ. ಅಡಾಪ್ಟರ್ ಅಳಿಸಿದರಂತೂ ಆ ಸಂಖ್ಯೆ ಮರಳಿ ಹುಟ್ಟುವುದಿಲ್ಲ, ಝೋನಿಂಗ್ ಎಲ್ಲ ಹೊಸದಾಗಿ ಮಾಡಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಳೆಗಾಲಕ್ಕೆ

ಸಕಲೇಶಪುರ, ಮೂಡಿಗೆರೆ ಕಡೆ ಗಾಳಿಮಳೆ ಹಿಡಿದಾಗ ಯುಪಿಎಸ್ ಬಸಿದುಹೋಗಿ ಎಲ್ಲವೂ ಆರಿದರೆ, ಎಬ್ಬಿಸುವ ಕ್ರಮ ತಪ್ಪಬಾರದು: ಸ್ಟೋರೇಜ್, ಸ್ಯಾನ್ ಸ್ವಿಚ್, ಎರಡೂ ವಯೋಸ್, ಕೊನೆಗೆ ಎಲ್‌ಪಾರ್‌ಗಳು. ವಯೋಸ್ ಏಳುವ ಮುನ್ನ ಎಲ್‌ಪಾರ್ ಆನ್ ಆದರೆ ಎಸ್‌ಎಂಎಸ್ (ಬೂಟ್ ಆಯ್ಕೆಯ) ಮೆನುವಿನಲ್ಲಿ ಬೂಟ್ ಡಿಸ್ಕೇ ಕಾಣದು. ಗಾಬರಿಯಾಗಿ ಡಿಸ್ಕ್ ಹೋಯಿತೆಂದು ರಿಸ್ಟೋರ್ ಶುರು ಮಾಡಬೇಡಿ. ಸರ್ವರ್ ಜೊತೆ ತಾನಾಗಿ ಏಳುವ ಆಯ್ಕೆಯನ್ನು ವಯೋಸ್‌ಗಳಿಗೆ ಮಾತ್ರ ಕೊಟ್ಟು, ಉಳಿದವನ್ನು ಕೈಯಿಂದ ಎಬ್ಬಿಸಿ.

ಮ್ಯಾಪಿಂಗ್ ಬದಲಿಸಿದ ದಿನವೇ ‘ವಿಐಒಎಸ್‌ಬಿಆರ್’ನಿಂದ ಬ್ಯಾಕಪ್ ತೆಗೆದು ಆ ಸರ್ವರ್‌ನಿಂದ ಹೊರಗೆ ಇನ್ನೊಂದು ಯಂತ್ರಕ್ಕೆ ಹಾಕಿ. ಎಲ್‌ಎಸ್‌ಮ್ಯಾಪ್ ಪಟ್ಟಿಯ ಪ್ರಿಂಟೂ ರ‍್ಯಾಕಿನ ಬಾಗಿಲಿಗೆ ಅಂಟಿರಲಿ. ಕಾರ್ಡು ಬದಲಿಸಲು ಬಂದವರಿಗೆ ಯಾವ ಪೋರ್ಟು ಯಾರದೆಂದು ಫೋನಿನಲ್ಲಿ ಹೇಳುವ ಗೋಳು ತಪ್ಪುತ್ತದೆ.