ಊರ ಕೆರೆಯನ್ನು ನೋಡಿ ಬರೆದಿಡುವುದು ಹೇಗೆ?

ಕೆರೆಯ ಬಗ್ಗೆ ಬರೆಯಿರಿ ಅಂದರೆ ಹೆಚ್ಚಿನವರು ಹಕ್ಕಿಗಳ ಹೆಸರು ಪಟ್ಟಿ ಮಾಡಿ ಮುಗಿಸುತ್ತಾರೆ. ಆ ಹಕ್ಕಿ ಅಲ್ಲಿಗೇ ಯಾಕೆ ಬಂತು ಅನ್ನುವುದು ತಿಳಿಯಬೇಕಾದರೆ ನೀರಿನ ಆಳ, ಕೆಸರು, ಜೊಂಡು, ದಡದ ಮರ ಎಲ್ಲವನ್ನೂ ಬರೆಯಬೇಕು. ದುಬಾರಿ ಕ್ಯಾಮೆರಾ ಏನೂ ಬೇಡ. ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು ಸಾಕು. ಪೆನ್ನು ಒಯ್ಯಬೇಡಿ, ನೀರು ತಾಗಿದರೆ ಶಾಯಿ ಹರಡುತ್ತದೆ.

ಮೊದಲು ಪುಟದ ಮೇಲ್ಗಡೆ ದಿನಾಂಕ, ಗಂಟೆ, ಬಿಸಿಲೋ ಮೋಡವೋ, ಹಿಂದಿನ ದಿನ ಮಳೆ ಬಂದಿತ್ತಾ ಅಂತ ಬರೆಯಿರಿ. ಆಮೇಲೆ ಒಂದು ನಕ್ಷೆ. ಏರಿ, ತೂಬು, ಕೋಡಿ, ನೀರು ತರುವ ಹಳ್ಳ, ಉತ್ತರಕ್ಕೊಂದು ಬಾಣ. ದನ ಇಳಿಯುವ ದಾರಿ, ಬಟ್ಟೆ ಒಗೆಯುವ ಕಲ್ಲು, ಊರಿನ ಕೊಳಚೆ ಬಂದು ಬೀಳುವ ಮೋರಿಯೂ ಅದರಲ್ಲಿರಲಿ. ಕೆರೆ ಕಟ್ಟಿದ್ದೇ ಮನುಷ್ಯರು ಅಲ್ವಾ, ಅವರನ್ನು ಬಿಟ್ಟು ಬರೆದರೆ ಲೆಕ್ಕ ತಪ್ಪುತ್ತದೆ.

ಏರಿಯ ಹತ್ತಿರ ನೀರು ಆಳ. ಅಲ್ಲಿ ನೀರುಕಾಗೆ, ಗುಳುಮುಳುಕದಂಥ ಮುಳುಗು ಹಕ್ಕಿಗಳು ಸಿಗುತ್ತವೆ. ಎದುರು ದಡದಲ್ಲಿ ನೀರು ತೆಳ್ಳಗೆ ಹರಡಿರುತ್ತದೆ. ಗಿಡಗಳ ಲೆಕ್ಕಕ್ಕೆ ಆ ಕಡೆಯೇ ಒಳ್ಳೆಯದು. ಒಣ ನೆಲದಿಂದ ನೀರಿನ ಅಂಚಿನವರೆಗೆ ನೇರ ಗೆರೆಯಲ್ಲಿ ನಡೆಯಿರಿ. ಐದೈದು ಮೀಟರಿಗೊಮ್ಮೆ ನಾಲ್ಕು ಕೋಲಿಟ್ಟು ಒಂದು ಮೀಟರ್ ಚೌಕ ಮಾಡಿ. ಅದರೊಳಗೆ ಬರಿ ಮಣ್ಣು ಎಷ್ಟು, ಹುಲ್ಲು ಎಷ್ಟು, ಕಾಲು ಭಾಗವೋ ಅರ್ಧವೋ ಬರೆಯಿರಿ. ಗಿಡದ ಹೆಸರು ಗೊತ್ತಿಲ್ಲವೇ? ‘ಗಿಡ 1’ ಅಂತ ಬರೆದು ಎಲೆಯ ಚಿತ್ರ ಬಿಡಿಸಿ. ಸುಮ್ನೆ ಊಹಿಸಿ ಹೆಸರಿಡುವುದಕ್ಕಿಂತ ಇದು ಎಷ್ಟೋ ವಾಸಿ.

ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು 20 ಸೆಂ.ಮೀ. ಅಗಲದ ಬಿಲ್ಲೆಗೆ ಕಪ್ಪು-ಬಿಳಿ ಬಣ್ಣವನ್ನು ಕಾಲುಕಾಲು ಭಾಗ ಹಚ್ಚಿ, ಭಾರ ಕಟ್ಟಿ, ಹಗ್ಗದಲ್ಲಿ ಇಳಿಬಿಡುತ್ತಾರೆ. ಅದು ಕಣ್ಣಿಗೆ ಮರೆಯಾಗುವ ಆಳವೇ ನಿಮ್ಮ ಅಳತೆ. ಪ್ರತಿಸಲ ಒಂದೇ ಜಾಗ, ನಡುಹಗಲು. ನೀರಿಗೆ ಮಾತ್ರ ಇಳಿಯಬೇಡಿ. ಹೂಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ.

ಇನ್ನು ಅರ್ಧ ಗಂಟೆ ಒಂದೇ ಕಡೆ ಕೂರಿ. ಜೊಂಡಿನ ಕಡ್ಡಿಗಳನ್ನು ಹತ್ತಿರದಿಂದ ನೋಡಿ. ನೀರಿಗಿಂತ ಗೇಣುದ್ದ ಮೇಲೆ ಕಂದು ಬಣ್ಣದ ಒಣ ಪೊರೆ ಅಂಟಿಕೊಂಡಿರಬಹುದು. ಆರು ಕಾಲು, ಉಬ್ಬಿದ ಕಣ್ಣು, ಬೆನ್ನಲ್ಲಿ ಸೀಳು. ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗೆ ಬೆಳೆದು, ಕಡ್ಡಿ ಹತ್ತಿ, ಬೆನ್ನು ಸೀಳಿಕೊಂಡು ಹಾರಿಹೋದ ಗುರುತು ಅದು. ಹಾರಾಡುವ ಚಿಟ್ಟೆ ಬೇರೆಲ್ಲಿಂದಲೋ ಬಂದಿರಬಹುದು. ಪೊರೆ ಸಿಕ್ಕರೆ ಅದು ಈ ಕೆರೆಯಲ್ಲೇ ಬೆಳೆದದ್ದು ಅಂತ ಧೈರ್ಯವಾಗಿ ಬರೆಯಬಹುದು.

ಕಂಡದ್ದನ್ನು ಕಂಡಹಾಗೆ ಬರೆಯುವುದೇ ಇಲ್ಲಿ ಕಷ್ಟದ ಕೆಲಸ. ‘ನೀರು ಕೆಟ್ಟಿದೆ’ ಅನ್ನುವುದು ತೀರ್ಪು. ‘ಮೋರಿಯ ಬಳಿ ಹಸಿರು ಪಾಚಿ, ಕೊಳೆತ ವಾಸನೆ, ಸತ್ತ ಮೀನು ಮೂರು’ ಅನ್ನುವುದು ದಾಖಲೆ. ನಾಮದ ಕೋಳಿ ಅನ್ನುವ ನೀರುಹಕ್ಕಿ ಕಂಡರೆ ‘ಜಾಸ್ತಿ ಇವೆ’ ಅನ್ನಬೇಡಿ. ಎಣಿಸಿ, ಏನು ಮಾಡುತ್ತಿದ್ದವು ಅಂತಲೂ ಬರೆಯಿರಿ. ಹುಡುಕಿದರೂ ಕಾಣದಿದ್ದರೆ ‘ಕಾಣಲಿಲ್ಲ’ ಅಂತ ಬರೆಯಿರಿ, ಮುಂದಿನ ವರ್ಷ ಹೋಲಿಸಲು ಅದೂ ಬೇಕಾಗುತ್ತದೆ.

ಮುಂಗಾರಿಗೆ ಮುಂಚೆ, ಕೋಡಿ ಬಿದ್ದ ಮೇಲೆ, ಚಳಿಗಾಲದಲ್ಲಿ ಹೀಗೆ ಅದೇ ಜಾಗಗಳಿಗೆ ಮತ್ತೆ ಹೋಗಿ. ಕೆರೆಯ ಸುತ್ತಲಿನ ಹೊಲಗಳನ್ನೂ ಬಿಡಬೇಡಿ. 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಮಹತ್ವದ ಕೆರೆ, ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಬರುತ್ತವೆ. ತಂಗುವುದು ಕೆರೆಯಲ್ಲಿ, ಮೇಯುವುದು ಹೊಲದಲ್ಲಿ. ನೀರನ್ನಷ್ಟೇ ನೋಡಿದರೆ ಅವುಗಳ ಅರ್ಧ ಬದುಕು ತಪ್ಪಿಹೋಗುತ್ತದೆ.

ಮನೆಗೆ ಬಂದ ದಿನವೇ ಟಿಪ್ಪಣಿಯನ್ನು ಶುದ್ಧ ಪ್ರತಿ ಮಾಡಿ. ಜನರು ಕಂಡದ್ದನ್ನು ದಾಖಲಿಸುವ ಜಾಲತಾಣಗಳಿವೆ: ಹಕ್ಕಿಗಳ ಲೆಕ್ಕವನ್ನು ಇ-ಬರ್ಡ್‌ಗೆ, ಗಿಡ, ಹುಳುಗಳ ಫೋಟೋವನ್ನು ಐನ್ಯಾಚುರಲಿಸ್ಟ್‌ಗೆ ಹಾಕಬಹುದು. ಗೂಡಿನ ಫೋಟೋ ಇದ್ದರೆ ಜಾಗದ ಗುರುತನ್ನು ಮಸುಕು ಮಾಡಿಯೇ ಹಾಕಿ.