ಸಂದರ್ಶನ ಚೆನ್ನಾಗಿತ್ತು, ಕೆಲಸ ಸಿಗಲಿಲ್ಲ: ಮುಂದೇನು ಮಾಡಬೇಕು?

ಮೈಸೂರು ಸರಸ್ವತಿಪುರಂನ ನಮ್ಮ ಆಡಿಟ್ ಆಫೀಸಿಗೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಒಂದೆರಡು ವರ್ಷ ಕಳೆದ ಮೇಲೆ ಬೆಂಗಳೂರಿನ ಫೈನಾನ್ಸ್ ಕಂಪನಿಗಳಿಗೆ ಅರ್ಜಿ ಹಾಕುತ್ತಾರೆ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಹೋಗುತ್ತಾರೆ. ಸಂಜೆ ಫೋನು: "ಮೇಡಂ, ತುಂಬಾ ಚೆನ್ನಾಗಾಯ್ತು. ಮುಕ್ಕಾಲು ಗಂಟೆ ಮಾತಾಡಿಸಿದ್ರು. ಯಾವಾಗ ಸೇರ್ತೀರಾ ಅಂತಲೂ ಕೇಳಿದ್ರು." ಎರಡು ವಾರಕ್ಕೆ ಎರಡು ಸಾಲಿನ ಮೇಲ್ ಬರುತ್ತದೆ, ಆಯ್ಕೆಯಾಗಿಲ್ಲ ಅಂತ. ಆಮೇಲೆ ಅವರು ಮಾಡಿಕೊಳ್ಳುವ ಎಡವಟ್ಟುಗಳನ್ನು ನೋಡಿ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ. ಒಬ್ಬ ರಾತ್ರಿ ಹನ್ನೊಂದಕ್ಕೆ ಎಚ್‌ಆರ್‌ಗೆ ಸಿಟ್ಟಿನ ಮೇಲ್ ಕಳಿಸಿದ. ಇನ್ನೊಬ್ಬಳು ಈ ಲೈನೇ ನನಗಲ್ಲ ಎಂದು ಸಿಎ ಇಂಟರ್ ಪುಸ್ತಕಗಳನ್ನು ಹಳೇ ಪೇಪರ್ ಅಂಗಡಿಗೆ ಹಾಕಿಬಿಟ್ಟಳು. ಮತ್ತೊಬ್ಬ ಆಫರ್ ಲೆಟರ್ ಕೈಗೆ ಬರುವ ಮೊದಲೇ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದ.

1. ಮೇಲ್ ಬಂದ ದಿನ ಯಾರಿಗೂ ಏನೂ ಬರೆಯಬೇಡಿ

ಊಟ ಮಾಡಿ, ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಮಲಗಿ. ಅಳು ಬಂದರೆ ಅತ್ತುಬಿಡಿ.

2. ನಡೆದದ್ದನ್ನು ಕಾಗದದ ಮೇಲೆ ಇಳಿಸಿ

ಸಂದರ್ಶನದ ದಿನವೇ ವಾಪಸ್ ಬರುವ ರೈಲಿನಲ್ಲಿ ಕೂತು ಮಾಡಿದರೆ ಇದು ಚನ್ನಪಟ್ಟಣ ದಾಟುವಷ್ಟರಲ್ಲಿ ಮುಗಿಯುವ ಕೆಲಸ. ಮಾಡಿಲ್ಲದಿದ್ದರೆ ಈಗಲಾದರೂ ಮಾಡಿ. ಅವರು ಕೇಳಿದ ಪ್ರಶ್ನೆ, ನಿಮ್ಮ ಬಾಯಿಂದ ಬಂದ ಉತ್ತರ, ಅದಾದ ಮೇಲೆ ಅವರು ಏನಂದರು, ಇಷ್ಟೇ. ಹೇಳಬೇಕಿದ್ದ ಉತ್ತರವನ್ನಲ್ಲ, ಹೇಳಿದ್ದನ್ನು ಬರೆಯಿರಿ.

3. ತಾಳೆ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಬ್ಯಾಂಕ್ ರೀಕನ್ಸಿಲಿಯೇಶನ್ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಕ್ಯಾಶ್ ಬುಕ್ಕಿನಲ್ಲಿ ಒಂದು ಬಾಕಿ (ಬ್ಯಾಲೆನ್ಸ್) ಇರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ವ್ಯತ್ಯಾಸ ಬಂದ ಕೂಡಲೇ ಬ್ಯಾಂಕಿನವರು ಮೋಸ ಮಾಡಿದರು ಅನ್ನುವುದಿಲ್ಲ, ನಮ್ಮ ಪುಸ್ತಕವೇ ದಂಡ ಎಂದು ಹರಿದೂ ಹಾಕುವುದಿಲ್ಲ. ಒಂದೊಂದೇ ಎಂಟ್ರಿಗೆ ಟಿಕ್ ಹಾಕುತ್ತಾ ಹೋಗುತ್ತೇವೆ. "ಚೆನ್ನಾಗಾಯ್ತು" ಅನ್ನುವುದು ನಿಮ್ಮ ಕ್ಯಾಶ್ ಬುಕ್ಕಿನ ಬಾಕಿ. ಅವರ ಪಾಸ್‌ಬುಕ್ ನಿಮ್ಮ ಕೈಗೆ ಸಿಗುವುದಿಲ್ಲ, ಆದರೂ ಮುಕ್ಕಾಲು ಪಾಲು ವ್ಯತ್ಯಾಸ ಹಾಳೆಯ ಮೇಲೆ ಸಿಕ್ಕಿಬಿಡುತ್ತದೆ. ಮೂರು ಕಾಲಂ ಎಳೆಯಿರಿ.

ಮೊದಲ ಕಾಲಂ: ನಾವು ಜಮಾ ಎಂದು ಬರೆದುಕೊಂಡಿದ್ದು, ಅವರಲ್ಲಿ ಜಮಾ ಆಗದೇ ಹೋದದ್ದು. ಮಂಡ್ಯದಿಂದ ಬರುತ್ತಿದ್ದ ನಮ್ಮ ಹುಡುಗಿಯೊಬ್ಬಳ ಹಾಳೆ ನನ್ನ ಕಣ್ಣ ಮುಂದಿದೆ. ಅವಳಿಗೆ ಕೇಳಿದ್ದ ಪ್ರಶ್ನೆ: ಸವಕಳಿ (ಯಂತ್ರ, ಕಟ್ಟಡಗಳು ಸವೆದದ್ದಕ್ಕೆ ಹಾಕುವ ಖರ್ಚು) 10 ರೂಪಾಯಿ ಹೆಚ್ಚಾದರೆ ಲಾಭ ನಷ್ಟ, ಕ್ಯಾಶ್ ಫ್ಲೋ, ಬ್ಯಾಲೆನ್ಸ್ ಶೀಟ್ ಈ ಮೂರೂ ಸ್ಟೇಟ್‌ಮೆಂಟ್‌ಗಳಲ್ಲಿ ಏನಾಗುತ್ತದೆ? ಇವಳು "ಲಾಭ ಕಡಿಮೆಯಾಗುತ್ತೆ ಸರ್, ಕ್ಯಾಶ್‌ಗೆ ಏನೂ ಆಗಲ್ಲ" ಎಂದಿದ್ದಳು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದರು. ಆ ತಲೆಯಾಡಿಸಿದ್ದನ್ನು ಇವಳು ಜಮಾ ಹಾಕಿಕೊಂಡಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತೆರಿಗೆ ಶೇ 25 ಎಂದು ಹಿಡಿದರೆ ನಿವ್ವಳ ಲಾಭ ಇಳಿಯುವುದು 7.50 ರೂಪಾಯಿ. ಸವಕಳಿಗೆಂದು ನಗದು ಕೈಬಿಟ್ಟು ಹೋಗುವುದಿಲ್ಲವಾದ್ದರಿಂದ ಕ್ಯಾಶ್ ಫ್ಲೋನಲ್ಲಿ 10 ರೂಪಾಯಿ ವಾಪಸ್ ಕೂಡಿಸುತ್ತೇವೆ, ಅಲ್ಲಿಗೆ ತೆರಿಗೆಯಲ್ಲಿ ಉಳಿದ 2.50 ನಗದಿಗೆ ಸೇರಿತು. ಬ್ಯಾಲೆನ್ಸ್ ಶೀಟಿನಲ್ಲಿ ಸ್ಥಿರಾಸ್ತಿ 10 ಇಳಿದು ನಗದು 2.50 ಏರಿದರೆ ಆಸ್ತಿಯ ಕಡೆ ಒಟ್ಟು 7.50 ಕಡಿಮೆ, ಬಂಡವಾಳದ ಕಡೆ ರಿಸರ್ವ್ಸ್‌ನಲ್ಲೂ (ಕೂಡಿಟ್ಟ ಲಾಭದಲ್ಲೂ) 7.50 ಕಡಿಮೆ. "ಅಯ್ಯೋ, ಇದು ನಂಗೆ ಗೊತ್ತಿತ್ತು ಮೇಡಂ" ಅಂದಳು. ಗೊತ್ತಿತ್ತು, ನಿಜ. ತೆರಿಗೆಯ ಎಳೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಇಂಥ ಒಂದೊಂದನ್ನೂ ಪೂರ್ತಿ ಬಿಡಿಸಿ ಬರೆಯಿರಿ.

ಇದೇ ಕಾಲಂನಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ನಕ್ಕರು, ಟೀ ಕೊಟ್ಟರು, ಹೆಚ್ಚು ಹೊತ್ತು ಕೂರಿಸಿಕೊಂಡರು, ಯಾವಾಗ ಸೇರ್ತೀರಾ ಎಂದರು. ಇವು ಯಾವುವೂ ಜಮಾ ಅಲ್ಲ. ಸೇರುವ ತಾರೀಖನ್ನು ಎಲ್ಲರಿಗೂ ಕೇಳುತ್ತಾರೆ, ಅವರ ಫಾರಂನಲ್ಲಿ ತುಂಬಬೇಕಾದ ಒಂದು ಜಾಗ ಅದು.

ಎರಡನೇ ಕಾಲಂ: ಬ್ಯಾಂಕ್ ಚಾರ್ಜಸ್ ಥರ ಅವರು ಖರ್ಚು ಹಾಕಿದ್ದು, ನಮ್ಮ ಗಮನಕ್ಕೆ ಬಾರದ್ದು. 90 ದಿನದ ನೋಟಿಸ್ ಪೀರಿಯಡ್, ಅವರ ಮಿತಿ ಮೀರಿ ಕೇಳಿದ ಸಂಬಳ, "ಬೆಂಗಳೂರಿಗೆ ಬಂದು ಇರ್ತೀರಾ" ಎಂದಾಗ "ಮನೇಲಿ ಕೇಳಿ ಹೇಳ್ತೀನಿ" ಅಂದದ್ದು, ಹಳೇ ಬಾಸ್ ಬಗ್ಗೆ ಆಡಿದ ಎರಡು ಮಾತು. ಇವಕ್ಕೆಲ್ಲ ಮುಂದಿನ ಸಲಕ್ಕೆ ಒಂದೊಂದು ನೇರವಾದ ಉತ್ತರ ತಯಾರು ಮಾಡಿ.

ಮೂರನೇ ಕಾಲಂ: ನಮಗೆ ಕಾಣಲು ಸಾಧ್ಯವೇ ಇಲ್ಲದ್ದು. ಒಳಗಿನವರಿಗೇ ಆ ಜಾಗ ಕೊಟ್ಟಿರಬಹುದು, ಬಜೆಟ್ ನಿಂತಿರಬಹುದು. ಈ ಕಾಲಂ ಖಾಲಿ ಬಿಡಿ. ನಾನು ಬಿಡಲಿಲ್ಲ. ಬಿಕಾಂ ಮುಗಿಸಿದ ವರ್ಷ ಒಂದು ಬ್ಯಾಂಕಿನ ಸಂದರ್ಶನದಲ್ಲಿ ಎಲ್ಲದಕ್ಕೂ ಉತ್ತರ ಹೇಳಿ ಬಂದಿದ್ದೆ. ಆಗಲಿಲ್ಲ. ನನ್ನ ಇಂಗ್ಲಿಷ್ ಸರಿಯಿಲ್ಲ, ಅದಕ್ಕೇ ಬಿಟ್ಟರು ಎಂದುಕೊಂಡು ಎರಡು ವರ್ಷ ಎಲ್ಲಿಗೂ ಅರ್ಜಿಯನ್ನೇ ಹಾಕಲಿಲ್ಲ. ಆಮೇಲೆ ಅಲ್ಲಿಯವರೇ ಒಬ್ಬರು ಸಿಕ್ಕಿ, ಆ ಹುದ್ದೆಯನ್ನೇ ಆಗ ರದ್ದು ಮಾಡಿದ್ದರು, ಯಾರನ್ನೂ ತೆಗೆದುಕೊಳ್ಳಲಿಲ್ಲ ಅಂದರು. ಆ ಎರಡು ವರ್ಷ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಂತ ಎಲ್ಲವನ್ನೂ ಮೂರನೇ ಕಾಲಂಗೆ ತಳ್ಳಿ ಕೈ ತೊಳೆದುಕೊಳ್ಳಬೇಡಿ, ಮೊದಲ ಎರಡು ತುಂಬಿದ ಮೇಲೆಯೇ ಅದು.

4. ಒಂದೇ ಒಂದು ಮೇಲ್

ಮೂರನೇ ದಿನ ಬೆಳಿಗ್ಗೆ, ಆಫೀಸ್ ಹೊತ್ತಿನಲ್ಲಿ ನಾಲ್ಕು ಸಾಲು ಕಳಿಸಿ. ಸಮಯ ಕೊಟ್ಟದ್ದಕ್ಕೆ ಥ್ಯಾಂಕ್ಸ್. ಯಾವ ಹುದ್ದೆ, ಯಾವ ತಾರೀಖು. ಒಂದು ಪ್ರಶ್ನೆ: ನಾನು ಯಾವ ವಿಷಯದಲ್ಲಿ ಇನ್ನಷ್ಟು ಗಟ್ಟಿಯಾಗಬೇಕು? ಮುಂದೆ ಜಾಗ ಖಾಲಿಯಾದರೆ ತಿಳಿಸಿ. "ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ" ಎಂದು ಕೇಳಿದರೆ ಎಚ್‌ಆರ್‌ನವರು ಬಾಯಿ ಬಿಡುವುದಿಲ್ಲ, ಜಗಳಕ್ಕೆ ಬಂದಂತೆ ಅನ್ನಿಸುತ್ತದೆ. ಏನನ್ನು ಕಲಿಯಲಿ ಎಂದರೆ ಕೆಲವರಾದರೂ ಹೇಳುತ್ತಾರೆ. ಚಾಟ್‌ಜಿಪಿಟಿ ಬರೆದುಕೊಡುವ ಉದ್ದದ ಮೇಲ್ ಬೇಡ, ನಿಮ್ಮ ಕೈಯ ಸಣ್ಣ ತಪ್ಪುಗಳಿದ್ದರೂ ನಿಮ್ಮದೇ ಕಳಿಸಿ. ಉತ್ತರ ಬರದಿದ್ದರೆ ಮತ್ತೆ ಕೇಳಬೇಡಿ.

ಈ ನೋವಿನಲ್ಲಿದ್ದಾಗಲೇ ಬಲೆ ಬೀಸುವವರೂ ಇದ್ದಾರೆ. ಕೆಲಸ ಗ್ಯಾರಂಟಿ ಎಂದು ನೋಂದಣಿ ಶುಲ್ಕವೋ ಡಿಪಾಸಿಟ್ಟೋ ಕೇಳುವ ಕನ್ಸಲ್ಟೆನ್ಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸರಿಯಾದ ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವುದು ಕಂಪನಿ, ಅಭ್ಯರ್ಥಿ ಅಲ್ಲ. ವಾಟ್ಸಾಪಿನಲ್ಲಿ ಮಾರುವ "ನೂರು ಪ್ರಶ್ನೆ, ನೂರು ಉತ್ತರ" ಪಿಡಿಎಫ್‌ಗಳೂ ಬೇಡ. ಸವಕಳಿ ಪ್ರಶ್ನೆಗೆ ತೆರಿಗೆಯನ್ನೇ ಬಿಟ್ಟು ಉತ್ತರ ಕೊಟ್ಟಿದ್ದ ಪಿಡಿಎಫ್ ಒಂದನ್ನು ನಾನೇ ನೋಡಿದ್ದೇನೆ. ಒಂದು ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯ ವಾರ್ಷಿಕ ವರದಿ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಅದನ್ನು ಡೌನ್‌ಲೋಡ್ ಮಾಡಿಕೊಂಡು ಮೂರು ಸ್ಟೇಟ್‌ಮೆಂಟ್‌ಗಳನ್ನು ಪೆನ್ಸಿಲ್ ಹಿಡಿದು ಒಂದಕ್ಕೊಂದು ಜೋಡಿಸಿ.

5. ಮನೆಯವರಿಗೆ, ಅಕ್ಕಪಕ್ಕದವರಿಗೆ

ಅಪ್ಪ ಅಮ್ಮನಿಗೆ ನೀವೇ ಮೊದಲು ಹೇಳಿ, ಬೇರೆಯವರಿಂದ ಗೊತ್ತಾಗುವುದು ಬೇಡ. ಎದುರುಮನೆ ಆಂಟಿ "ಏನಾಯ್ತಮ್ಮಾ ಆ ಕೆಲ್ಸ?" ಎಂದರೆ "ಅದು ಆಗ್ಲಿಲ್ಲ ಆಂಟಿ, ಬೇರೆ ಕಡೆ ಹಾಕಿದ್ದೀನಿ" ಅನ್ನಿ, ಅಷ್ಟೇ ಸಾಕು. ಅಪ್ಪ ಅಮ್ಮಂದಿರಲ್ಲೂ ಒಂದು ಮನವಿ: ಒಂದು ವಾರ ಪಕ್ಕದ ಮನೆ ಹುಡುಗನ ಪ್ಯಾಕೇಜ್ ಮಾತು ಎತ್ತಬೇಡಿ.

ನಿದ್ದೆ, ಊಟ ಎರಡು ವಾರವಾದರೂ ಸರಿಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

6. ಮತ್ತೆ ಅರ್ಜಿ

ಎರಡು ವಾರದೊಳಗೆ ಇನ್ನೊಂದು ಕಡೆ ಹಾಕಿ. ಅದೇ ಕಂಪನಿಗೂ ಮತ್ತೆ ಹಾಕಬಹುದು, ಆದರೆ ಕೆಲವು ಕಡೆ ಆರು ತಿಂಗಳು ಬಿಟ್ಟು ಬನ್ನಿ ಎಂಬ ನಿಯಮ ಇರುತ್ತದೆ, ಕೇಳಿಕೊಳ್ಳಿ. ಮಂಡ್ಯದ ಹುಡುಗಿ ತನ್ನ ಹಾಳೆಯ ಕೆಳಗೆ ಮತ್ತೆ ಅರ್ಜಿ ಹಾಕಬಹುದಾದ ತಾರೀಖು ಬರೆದು, ಸವಕಳಿ, ನೋಟಿಸ್ ಪೀರಿಯಡ್, ಬೆಂಗಳೂರಿನಲ್ಲಿ ಪಿಜಿ ಎಂದು ಮೂರು ಬಾಕಿ ಕೆಲಸಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಂಡಳು. ಸವಕಳಿಗೆ ಅಲ್ಲೇ, ನನ್ನ ಮುಂದೆಯೇ ಟಿಕ್ ಹಾಕಿದಳು.